ಚಿಕ್ಕಮ್ಮನಾಗಿ ಬಾ ಎಂದವಳಿಗೆ

ವಾಲ್ ದ ಫ್ರೇಶು
ಮೇ 8, 1996, ಬುಧವಾರ

ಮಗಳೇ ನತೇರ್ಸಿಯಾ,

ನೀನು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಇವತ್ತು ಮಧ್ಯಾಹ್ನ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ನನ್ನ ಕೈಯಿಂದಲೇ ಎರಡು ಸಲ ಸೂಪು ಹಾಕಿಸಿಕೊಂಡೆ, ಹೊಟ್ಟೆ ಚೆನ್ನಾಗಿದೆ ಎಂದಾಯಿತು. ಮೊಣಕಾಲೊಂದು ಬಿಟ್ಟರೆ ನಾನೂ ಚೆನ್ನಾಗಿದ್ದೇನೆ. ಸಂಜೆ ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ನಿನ್ನ ಕಾಗದ. ದಿನಾ ಎದುರುಬದುರು ನಿಲ್ಲುವ ತಾಯಿ ಮಗಳು ಅಂಚೆಯಲ್ಲಿ ಮಾತಾಡಿಕೊಳ್ಳುವ ಭಾಗ್ಯ ಬೇರೆ ಯಾರಿಗುಂಟು ಹೇಳು.

ಭಾನುವಾರ ಓದು ಮುಗಿಸುವವರ ರಿಬ್ಬನ್‌ಗಳ ಆಶೀರ್ವಾದದ ಪೂಜೆ ಮುಗಿದ ಮೇಲೆ ಚೌಕಕ್ಕೆ ಬಾ, ನನ್ನ ವಿದ್ಯಾರ್ಥಿನಿಯ ಕರಿ ಹೊದಿಕೆ ಹರಿದುಕೊಡು ಎಂದು ಬರೆದಿದ್ದೀಯ. ಅಲ್ಲಿಯವರೆಗೂ ಓದಿ ಕಣ್ಣು ತುಂಬಿತು. ನಾಲ್ಕು ವರ್ಷದ ಹಿಂದೆ ಅದರ ಅಂಚು ಹೊಲಿದಾಗಿನಿಂದ ಆ ಒಂದು ದಿನಕ್ಕೆ ಕಾದಿದ್ದೇನೆ. ಓದು ಮುಗಿದವಳ ಹೊದಿಕೆಯನ್ನು ಅವಳಿಗೆ ಬೇಕಾದವರು ಹರಿಯುವುದು ಪದ್ಧತಿ: ಬಲಗಡೆಯ ಸೀಳು ಗೆಳತಿಯರದು, ಬೆನ್ನಿನ ನಡುವೆ ಪ್ರೀತಿಸಿದವನದು, ಎಡಗಡೆ ಮನೆಯವರದು. ಕತ್ತರಿ ಮುಟ್ಟಿಸುವಂತಿಲ್ಲ, ಹಲ್ಲಿನಿಂದ ಕಚ್ಚಿ ಕೈಯಿಂದ ಸೀಳಬೇಕು. ಮನೆಯವರು ಹರಿದದ್ದನ್ನು ಸಾಯುವವರೆಗೂ ಹೊಲಿಯಬಾರದು. ಇದೆಲ್ಲ ನಾನು ಓದಿ ಕಲಿತದ್ದಲ್ಲ, ಹದಿನೆಂಟು ವರ್ಷ ನಿಮ್ಮಂಥವರ ತಟ್ಟೆ ತೊಳೆಯುತ್ತ ಕಿವಿಯಿಂದ ಕಲಿತದ್ದು.

ಆಮೇಲೆ ಪುಟ ತಿರುಗಿಸಿದೆ. 'ಅಮ್ಮಂಗೆ ಲಕ್ಸೆಂಬರ್ಗ್‌ನಲ್ಲಿ ರಜಾ ಸಿಗ್ಲಿಲ್ಲ, ಇವ್ರು ನಮ್ ಚಿಕ್ಕಮ್ಮ ಅಂತ ಹೇಳ್ತೀನಿ. ಅರ್ಧ ಗಂಟೆ ಅಷ್ಟೇ. ಕ್ಯಾಂಟೀನಿನೋರು ಅಂತ ಯಾರಾದ್ರೂ ಗುರುತು ಹಿಡಿದ್ರೂ ಪರವಾಗಿಲ್ಲ, ಚಿಕ್ಕಮ್ಮ ತಾನೇ.'

ಚಿಕ್ಕಮ್ಮ ಸೌಟು ಹಿಡಿದರೆ ಮಾನ ಹೋಗುವುದಿಲ್ಲ, ಅಮ್ಮ ಹಿಡಿದರೆ ಹೋಗುತ್ತದೆ. ಇದನ್ನು ಕಾನೂನು ವಿಭಾಗದಲ್ಲಿ ಹೇಳಿಕೊಟ್ಟರೋ ಅಥವಾ ನಿನ್ನದೇ ಸಂಶೋಧನೆಯೋ?

ನೀನು ಗೆಳತಿಯರಿಗೆಲ್ಲ ಹೇಳಿಕೊಂಡು ಬಂದ ಈ ಲಕ್ಸೆಂಬರ್ಗ್ ಬ್ಯಾಂಕಿನ ಕೆಲಸ ನನಗೆ ಯಾವಾಗ ಸಿಕ್ಕಿತು ಎಂದು ನಾನು ಕೇಳಿದವಳಲ್ಲ. ನಿನ್ನಪ್ಪ ಗಾರೆ ಕೆಲಸಕ್ಕೆಂದು ಹೋಗಿ ಮತ್ತೆ ಮುಖ ತೋರಿಸದ ಊರು ಅದು. ನನ್ನನ್ನೂ ಅಲ್ಲಿಗೇ ಅಟ್ಟಿದೆಯಲ್ಲ ಎಂದು ಒಂದು ದಿನ ಅತ್ತೆ, ಒಂದು ದಿನ ನಕ್ಕೆ.

ತಪ್ಪು ನಿನ್ನೊಬ್ಬಳದಲ್ಲ, ಅದನ್ನೂ ಬರೆದುಬಿಡುತ್ತೇನೆ. ಮೊದಲ ವರ್ಷ ಹೊಸ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, ಮುಖಕ್ಕೆ ಬಣ್ಣ ಬಳಿದು, ಹಿರಿಯ ವಿದ್ಯಾರ್ಥಿಗಳು ಕ್ಯಾಂಟೀನಿಗೆ ಕರೆತಂದಿದ್ದರು. ನೀನು ನನ್ನನ್ನು ನೋಡಿದ ನೋಟ ನೆನಪಿದೆ. ಬಾಯಿಬಿಡಬೇಡ ಎಂದು ಕೈ ಮುಗಿಯುವವಳ ನೋಟ. ನಾನೇ ಕಣ್ಣು ತಗ್ಗಿಸಿ 'ಮುಂದೆ ಹೋಗಮ್ಮಾ' ಎಂದೆ. ಅಂದು 'ನತಿ, ಮುಖ ತೊಳ್ಕೊಂಡು ಬಾರೇ' ಎಂದು ಗದರಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಹೊಸಬಳು, ನಾಲ್ಕು ಜನರ ಜೊತೆ ಬೆರೆಯಲಿ ಎಂದುಕೊಂಡೆ. ನೀನು ಬೆರೆತೆ. ಹಾಡಿನ ತಂಡ ಸೇರಿದೆ, ಖಂಜಿರ ಹಿಡಿದು ಕುಣಿದೆ, ಊರೂರು ಸುತ್ತಿ ಬಹುಮಾನ ತಂದೆ. ಆ ಬಹುಮಾನಗಳ ಸುದ್ದಿ ನನಗೆ ಪಕ್ಕದ ಮೇಜಿನವರಿಂದ ಗೊತ್ತಾಗುತ್ತಿತ್ತು.

ನಿಮ್ಮ ತಂಡದ ನಾಯಕಿ ಲಿಯೊನೋರ್ ಎರಡನೆಯ ವರ್ಷವೇ ನನ್ನನ್ನು ಕೇಳಿದ್ದಳು, ನಿನಗೆ ಗೊತ್ತೇ? ಗಂಟಲು ಕಟ್ಟಿದೆ, ಬಿಸಿನೀರು ಕೊಡಿ ಎಂದು ಅಡುಗೆಮನೆಗೆ ಬಂದವಳು ಸುಮ್ಮನೆ ನನ್ನ ಮುಖ ನೋಡಿದಳು. 'ಅಮ್ಮಾ, ನತೇರ್ಸಿಯಾ ನಿಮ್ ಮಗಳಲ್ವಾ? ನಗು ಒಂದೇ ಥರ ಇದೆ.' ನಾನು ಏನೆಂದೆ ಗೊತ್ತೇ? 'ಇಲ್ಲಮ್ಮ, ನಂಗೆ ಮಕ್ಕಳಿಲ್ಲ.' ನಿನ್ನ ಸುಳ್ಳು ಕಾಪಾಡಲು ಬಸಿರನ್ನೇ ಅಲ್ಲಗಳೆದೆ. ಅವಳು 'ಆಯ್ತು ಬಿಡಿ' ಎಂದಳು. ಮತ್ತೆಂದೂ ಆ ಮಾತೆತ್ತಲಿಲ್ಲ, ಆದರೆ ಬರುವುದನ್ನು ನಿಲ್ಲಿಸಲಿಲ್ಲ. ಆ ಚಳಿಗಾಲದಲ್ಲೇ ಅವಳ ತಾಯಿ ತೀರಿಕೊಂಡದ್ದು. ಆಲೂಗಡ್ಡೆ ಮೂಟೆಯ ಮೇಲೆ ಕೂತು ಅಳುತ್ತಿದ್ದಳು, ಅತ್ತು ಮುಗಿದ ಮೇಲೆ ತಟ್ಟೆ ಒರೆಸುತ್ತಿದ್ದಳು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನೀನು ನಾಲ್ಕು ವರ್ಷ ಕಳೆದೆ. ನಿಮ್ಮ ತಂಡದ ಒಬ್ಬೊಬ್ಬಳಿಗೂ ಗೊತ್ತು ಮಗಳೇ. ಈ ಮಾರ್ಚಿನಲ್ಲಿ ಅಡುಗೆಯವರಿಗೆಂದು ನೀವು ಹಾಡಿದಿರಲ್ಲ, ಆಗ ಲಿಯೊನೋರ್ ಒಂದು ಹೂವನ್ನು ಬೇಕೆಂದೇ ನಿನ್ನ ಕೈಗೆ ಕೊಟ್ಟು ನನ್ನತ್ತ ಕಳಿಸಿದಳು. ಈಗಲಾದರೂ ಹೇಳಲಿ ಎಂದು. ಎಲ್ಲರೂ ಹಾಡು ನಿಲ್ಲಿಸಿ ನಿನ್ನ ಬಾಯನ್ನೇ ನೋಡುತ್ತಿದ್ದರು. ನೀನು ಮೊಣಕಾಲೂರಿ ಹೂ ಕೊಟ್ಟು, ನಾಟಕದವರ ಹಾಗೆ ನಗುತ್ತ, 'ನಿಮ್ ಹೆಸರೇನಮ್ಮಾ?' ಎಂದೆ.

ನನ್ನ ಹಿಂದೆ ನಿಂತಿದ್ದ ಅರ್ಮಿಂದಾ ಸೌಟನ್ನು ಪಾತ್ರೆಗೆ ಎಸೆದಳು. 'ಇವಳ ಕೆನ್ನೆಗೆ ಒಂದು ಬಿಡ್ಲಾ?' ಎಂದು ನನ್ನ ಕಿವಿಯಲ್ಲಿ ಕೇಳಿದಳು. ನಾನು ಬೇಡವೆಂದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅವಳು ಇಂದಿಗೂ ಹಂಗಿಸುತ್ತಾಳೆ.

ಅಂದಿನಿಂದ ನನ್ನೊಳಗೆ ಏನೋ ಗಟ್ಟಿಯಾಗಿಬಿಟ್ಟಿದೆ ನತಿ. ಮೊದಲಾಗಿದ್ದರೆ ಅತ್ತೆಯಾಗಿಯೂ ಬರುತ್ತಿದ್ದೆ, ಮನೆಗೆಲಸದವಳಾಗಿಯೂ ಬರುತ್ತಿದ್ದೆ. ಈಗ ಆಗುವುದಿಲ್ಲ. ನಿನ್ನ ಎಡಗಡೆ ಹರಿಯುವ ಹಕ್ಕು ನನಗಿರುವುದು ತಾಯಿಯಾಗಿ. ಹಾಗೆ ನೀನು ಕರೆದಿಲ್ಲ. ಆದ್ದರಿಂದ ನಿನಗಾಗಿ ನಾನು ಬರುವುದಿಲ್ಲ. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದುಕೊಂಡರೆ, ಹೌದು, ಸಿಟ್ಟಿನಿಂದಲೇ.

ನಾಳೆ ಊಟಕ್ಕೆ ಉಪ್ಪುಮೀನು ಇದೆ. ಮುಳ್ಳು ನೋಡಿಕೊಂಡು ತಿನ್ನು.

ಯಾರ ಚಿಕ್ಕಮ್ಮನೂ ಅಲ್ಲದ,
ಇಡಾಲಿನಾ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನೆ ಲಿಯೊನೋರ್ ಬಂದಿದ್ದಳು. 'ನಂಗೆ ಎಡಗಡೆ ಹರಿಯೋಕೆ ಅಮ್ಮ ಇಲ್ಲ. ನೀವು ಹರಿತೀರಾ?' ಎಂದು ಕೇಳಿದಳು. 'ನಿಂಗೆ ಸ್ವಂತ ಚಿಕ್ಕಮ್ಮಂದಿರೇ ಮೂವರಿದಾರಲ್ಲಮ್ಮ' ಎಂದೆ. 'ಇದಾರೆ. ನಂಗೆ ನೀವೇ ಬೇಕು' ಎಂದಳು. ಒಂದು ದಿನ ಸಮಯ ಕೇಳಿದ್ದೆ, ಅಷ್ಟರಲ್ಲಿ ನೀನು ಕರೆಯಬಹುದು ಎಂದು. ನಿನ್ನ ಕಾಗದ ಓದಿ ಮುಗಿಸಿದ ಮೇಲೆ ಪಕ್ಕದ ಮನೆಗೆ ಹೋಗಿ ಅವಳಿಗೆ ಫೋನು ಮಾಡಿ ಹೂಂ ಎಂದೆ. ಭಾನುವಾರ ಚೌಕದಲ್ಲಿ, ನಿಮ್ಮ ಇಡೀ ತಂಡದ ನಡುವೆ, ಅವಳ ಹೊದಿಕೆಯನ್ನು ನಾನು ಹರಿಯುತ್ತೇನೆ. ತಾಯಂದಿರು ಹರಿಯುವಾಗ ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಬೇಕಂತೆ. ನೀನೂ ತಟ್ಟಬೇಕಾಗುತ್ತದೆ.