ಸಂದಿಗೆ ಅಡ್ಡ ಎದ್ದ ಗೋಡೆ

ಚಂದ್ರಾ ಲೇಔಟ್
9 ಅಕ್ಟೋಬರ್ 2025

ಲತಾಗೆ ಜ್ಯೋತಿಲಕ್ಷ್ಮಿಯ ನಮಸ್ಕಾರ.

ನಿನಗೆ ನಮಸ್ಕಾರ ಅಂತ ಬರೆಯುವ ಕಾಲ ಬಂತು ನೋಡು. ಹೇರೋಹಳ್ಳಿಯಲ್ಲಿ ಹದಿನೇಳು ವರ್ಷ ಅಕ್ಕಪಕ್ಕ ಇದ್ದೆವು. ಕೊತ್ತಂಬರಿ ಬೇಕಾದರೂ ಕಿಟಕಿಯಿಂದಲೇ ಕೂಗುತ್ತಿದ್ದೆವು. ಈಗ ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ.

ಮೇ ತಿಂಗಳ ಮಳೆಗೆ ಇಬ್ಬರ ಮನೆಗೂ ಮಂಡಿಯುದ್ದ ನೀರು ನುಗ್ಗಿತ್ತು. ನನ್ನ ಹೊಲಿಗೆ ಮೆಷಿನ್ನನ್ನು, ನಿನ್ನ ಅಕ್ಕಿ ಡ್ರಮ್ಮನ್ನು ಇಬ್ಬರೂ ಸೇರಿ ನಿಮ್ಮ ತಾರಸಿಗೆ ಹೊತ್ತೆವು. ಕೆಸರು ಬಾಚುತ್ತಾ ನೀನೇ ಅಂದೆ: "ರಿಪೇರಿ ಹೆಂಗಾದ್ರೂ ಮಾಡ್ಸೋಣ ಕಣೇ, ಎರಡು ಮನೆ ಮಧ್ಯದ ಸಂದಿ ಮಾತ್ರ ಮುಚ್ಚೋದು ಬೇಡ. ರಸ್ತೆ ನೀರು ಹಿಂದಿನ ಕಾಲುವೆಗೆ ಹೋಗೋಕೆ ಅದೊಂದೇ ದಾರಿ."

ಅಷ್ಟರಲ್ಲಿ ನಮ್ಮ ಮಗಳು ಕವನಾಗೆ ಹೆರಿಗೆ. ತೇವದ ಮನೆಗೆ ಬಾಣಂತಿಯನ್ನು ಕರೆತರುವುದು ಹೇಗೆ? ನಾನೇ ಮದ್ದೂರಿನ ಅವಳ ಅತ್ತೆಮನೆಗೆ ಹೋಗಿ ನಲವತ್ತು ದಿನ ನಿಂತೆ. ನಮ್ಮ ಮನೆಯ ಗಾರೆ ಕೆಲಸ, ಟೈಲ್ಸ್ ಎಲ್ಲವನ್ನೂ ನಿನಗೇ ಒಪ್ಪಿಸಿದ್ದೆ. ನಮ್ಮ ಮನೆಯವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವವರು, ಏನನ್ನೂ ನೋಡಲಿಲ್ಲ. ನೀನು ದಿನಾ ಫೋಟೊ ಕಳಿಸುತ್ತಿದ್ದೆ: ಹಾಲ್, ದೇವರ ಮೂಲೆ, ಅಡುಗೆಕಟ್ಟೆ. ಸಂದಿಯ ಫೋಟೊ ಮಾತ್ರ ಒಂದೂ ಇರಲಿಲ್ಲ.

ಬಂದು ನೋಡಿದರೆ ನಿಮ್ಮ ನೆಲ ಮೂರಡಿ ಎತ್ತರವಾಗಿತ್ತು, ಸಂದಿಯ ಹಿಂಬದಿಗೆ ಎದೆಮಟ್ಟದ ಗೋಡೆ ಎದ್ದಿತ್ತು. ಕೇಳಿದ್ದಕ್ಕೆ, "ಕಳ್ಳರ ಭಯ ಕಣೇ. ಕೆಳಗಡೆ ಪೈಪ್ ಬಿಡ್ಸಿದೀನಿ, ನೀರು ನಿಲ್ಲಲ್ಲ" ಅಂದೆ. ನಂಬಿದೆ. ನನ್ನ ಮನೆ ನೋಡಿಕೊಂಡಳಲ್ಲ ಅಂತ ನಿನಗೆ ಸೀರೆಯನ್ನೂ ಉಡಿಸಿದೆ.

ಹೋದ ತಿಂಗಳು ಮಧ್ಯಾಹ್ನದ ಮಳೆಗೆ ಸಂದಿ ತುಂಬಿ, ನೀರು ನಿನ್ನ ಎತ್ತರದ ನೆಲ ಮುಟ್ಟದೆ ನನ್ನ ಅಡುಗೆಮನೆ ಬಾಗಿಲಿಂದ ಒಳಗೆ ಬಂತು. ಪೈಪಿಗೆ ಕಸ ಸಿಕ್ಕಿರಬೇಕು ಅಂದುಕೊಂಡು ಸೊಂಟದವರೆಗೆ ಇಳಿದು ಗೋಡೆಯ ಬುಡವನ್ನೆಲ್ಲ ತಡಕಿದೆ. ಪೈಪೇ ಇರಲಿಲ್ಲ ಲತಾ. ತಲೆಯೆತ್ತಿದರೆ ನೀನು ಕಿಟಕಿಯಲ್ಲಿ ನಿಂತಿದ್ದೆ. "ಲತಾ, ಯಾರನ್ನಾದ್ರೂ ಕರಿಯೇ!" ಅಂತ ಕೂಗಿದೆ. ನೀನು ಕಿಟಕಿ ಹಾಕಿಕೊಂಡೆ.

ಭಾನುವಾರವಾದ್ದರಿಂದ ಹತ್ತಿರದಲ್ಲೇ ಇದ್ದ ನಮ್ಮ ಮನೆಯವರು ಕೂಗು ಕೇಳಿ ಓಡಿಬಂದು, ಹಾರೆಯಿಂದ ಗೋಡೆ ಒಡೆದರು. ಅರ್ಧ ಗಂಟೆಯಲ್ಲಿ ನೀರು ಇಳಿಯಿತು. ಹೊಸ ನೆಲವೆಲ್ಲ ಮತ್ತೆ ಉಬ್ಬಿದೆ. ಅದು ಸರಿಯಾಗುವವರೆಗೆ ಈ ಬಾಡಿಗೆ ಮನೆ. ನೆಲ ಹಾಳಾದದ್ದಕ್ಕೆ ನಾನು ಅಳಲಿಲ್ಲ. ಊಟದ ನಡುವೆ ಆ ಕಿಟಕಿ ನೆನಪಾದರೆ ಮಾತ್ರ ತಟ್ಟೆ ಬಿಟ್ಟು ಏಳುತ್ತೇನೆ.

ಸಂಕ್ರಾಂತಿ ಹೊತ್ತಿಗೆ ವಾಪಸ್ ಬರುತ್ತೇವೆ. ಆ ಗೋಡೆ ಮತ್ತೆ ಎತ್ತಬೇಡ. ನನ್ನ ಜೊತೆ ಮಾತಾಡು ಅಂತ ನಾನು ಕೇಳುತ್ತಿಲ್ಲ.

ಇಂತಿ,
ಪಕ್ಕದ ಮನೆಯ ಜ್ಯೋತಿ

ಮರೆತು ಬಿಟ್ಟದ್ದಲ್ಲ, ಬರೆಯಲು ನಾಚಿಕೆಯಾಗಿ ಬಿಟ್ಟದ್ದು: ಎರಡೂ ಮನೆಯ ರಿಪೇರಿ ಹಿಡಿದ ಮೇಸ್ತ್ರಿ ತಮ್ಮಣ್ಣ ಮೇ ತಿಂಗಳಲ್ಲಿ ಮೊದಲು ಬಂದದ್ದು ನನ್ನ ಹತ್ತಿರ. "ರಸ್ತೆ ಕಡೆ ಸಂದಿ ಮುಚ್ಚಿಬಿಡಿ ಅಮ್ಮಾ, ನೀರು ನಿಮ್ಗೆ ಬರಲ್ಲ, ಪಕ್ಕದ್ಮನೆಯವ್ರ ಬಾಗ್ಲಿಗೆ ತಿರುಗ್ತದೆ" ಅಂದ. ಬೇಡ ಅನ್ನಲು ನನಗೆ ಎರಡು ದಿನ ಬೇಕಾಯಿತು. ಆ ಎರಡೂ ದಿನ ನಿನ್ನ ಮನೆಯಲ್ಲೇ ಉಂಡೆ, ನಿನಗೆ ಹೇಳಲಿಲ್ಲ.