ಕಾಯಿ ಕಚ್ಚದ ಪಪ್ಪಾಯಿ

ಕೆ.ಆರ್. ಪುರ
೧೪ ಜುಲೈ ೨೦೨೪

ಪ್ರೀತಿಯ ಸುಜಾತಾ,

ಹೇಗಿದ್ದೀಯ? ನಿಮ್ಮವ್ವನ ಮೊಣಕಾಲು ನೋವು ಕಡಿಮೆಯಾಯಿತೇ? ನೀನು ತವರಿಗೆ ಹೋಗಿ ನಾಲ್ಕು ತಿಂಗಳಾದರೂ ನಾನು ಒಂದು ಗೆರೆ ಬರೆಯಲಿಲ್ಲ. ತಪ್ಪು ನನ್ನದೇ. ನೀನು ಫೋನ್ ಎತ್ತುವುದಿಲ್ಲ. ಎತ್ತಿದ್ದರೂ ಈ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಇಲ್ಲಿ ವಠಾರದ ನೀರಿನ ಜಗಳ ಹಾಗೇ ಇದೆ. ಪಕ್ಕದ ರೂಮಿನ ಕಾವೇರಿ ನಿನ್ನ ರೊಟ್ಟಿ ಹಂಚು ತಿಕ್ಕಿ ಇಟ್ಟಿದ್ದಾಳೆ. “ಅಕ್ಕ ಯಾವಾಗ ಬರ್ತಾಳ?” ಎಂದು ದಿನಾ ಕೇಳುತ್ತಾಳೆ.

ನಾನು ಮಾಲಿ ಕೆಲಸ ಮಾಡುವ ಅಪಾರ್ಟ್‌ಮೆಂಟಿನ ಹಿಂದೆ ನೀನೇ ಬೀಜ ಊರಿದ್ದ ಮೂರು ಪಪ್ಪಾಯಿ ನೆನಪಿದೆಯಲ್ಲ? ಒಂದು ಗಂಡು ಗಿಡ. ಬರೀ ಜೋಲು ಹೂವು, ಜಾಗ ದಂಡ ಎಂದು ಹೋದ ವರ್ಷವೇ ಕಡಿದಿದ್ದೆ. ನಾವು ಮಾಲಿಗಳು ಹಾಗೇ ಮಾಡುತ್ತೇವೆ. ಈ ಸಲ ಉಳಿದೆರಡರ ಹೂವೂ ಉದುರಿಹೋಯಿತು. ಮೊನ್ನೆ ಮಚ್ಚು ಎತ್ತಿದೆ ನೋಡು, ಕೆಳಗಿನ ಮನೆಯ ಪ್ರಿಯದರ್ಶಿನಿ ಮೇಡಂ ಓಡಿ ಬಂದರು. ಅವರು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವರು.

“ನಿಲ್ಸ್ರೀ ಪೀರಪ್ಪ! ಒಳ್ಳೇ ಗಿಡ ಯಾಕ್ರೀ ಕಡೀತೀರಾ?”

“ಬಂಜಿ ಗಿಡ ರೀ ಮೇಡಂ. ಹೂ ಬಿಡ್ತದ, ಕಾಯಿ ಕಚ್ಚವಲ್ದು.”

“ಗಂಡು ಗಿಡ ಎಲ್ಲಿ?”

“ನಾನ ಕಡದೀನ್ರಿ.”

ಅವರು ಹಣೆ ಚಚ್ಚಿಕೊಂಡರು. ಉದುರಿದ ಹೂವನ್ನೇ ಬಿಡಿಸಿ ಪರಾಗಸ್ಪರ್ಶ ಎಂದರೇನೆಂದು ತೋರಿಸಿದರು. ಗಂಡು ಹೂವಿನ ಧೂಳು ಗಾಳಿಯಲ್ಲೋ ಹುಳುವಿನ ಮೈಗಂಟಿಯೋ ಬಂದು ಹೆಣ್ಣು ಹೂವಿನ ತುದಿಗೆ ತಾಗಬೇಕಂತೆ, ಆಮೇಲೆಯೇ ಕಾಯಿ. “ಬರಬೇಕಾದ್ದು ಬರ್ಲಿಲ್ಲ ಅಂದ್ರೆ ಇದೇನ್ ಮಾಡುತ್ತೆ ಪಾಪ? ಇದನ್ನ ಬಂಜೆ ಅಂತೀರಲ್ಲ, ನಾಚಿಕೆ ಆಗಲ್ವಾ?”

ಅವರು ಆಡಿದ್ದು ಗಿಡದ ಮಾತು. ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ನಮ್ಮವ್ವ ಊರಿಂದ ಬಂದಿದ್ದಾಗ ನಿನಗೆ ಅದೇ ಮಾತು ಅಂದಳಲ್ಲ. “ಬಂಜಿ ಕೈಯಾನ ತುತ್ತು ನನಗ ಬ್ಯಾಡ” ಎಂದು ತಾಟು ಸರಿಸಿದಳು. ನೀನು ನನ್ನ ಮುಖ ನೋಡಿದೆ. ನಾನು ರೊಟ್ಟಿ ಮುರಿಯುತ್ತಾ “ಪಲ್ಯ ಹಾಕು” ಎಂದೆ. ಥೂ, ನನ್ನ ಬಾಯಿಗೆ ಮಣ್ಣು ಹಾಕ! ಮರುದಿನವೇ ನೀನು ಬಟ್ಟೆ ಕಟ್ಟಿಕೊಂಡು ಹೊರಟೆ.

ಅವ್ವ ಊರಲ್ಲಿ ನನಗೆ ಇನ್ನೊಂದು ಹೆಣ್ಣು ನೋಡಿದ್ದಾಳೆ. ನಿನ್ನ ಕಿವಿಗೂ ಬಿದ್ದಿರಬೇಕು. ಇದೇ ತಿಂಗಳ ಇಪ್ಪತ್ತೆಂಟಕ್ಕೆ ಮಾತುಕತೆಯಂತೆ. ಅದಕ್ಕೆ ಮೂರು ದಿನ ಮೊದಲೇ ನಾನು ನಿಮ್ಮೂರಿಗೆ ಬರುತ್ತೇನೆ. ನಿಮ್ಮಪ್ಪ ಬಾಗಿಲಾಚೆ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಪೀರಪ್ಪ

ತಾ.ಕ.: ಶಿವಾಜಿನಗರದ ಆಸ್ಪತ್ರೆಯಲ್ಲಿ ಇಬ್ಬರೂ ಪರೀಕ್ಷೆ ಮಾಡಿಸಿದ್ದೆವಲ್ಲ. ರಿಪೋರ್ಟು ತರಲು ನಾನೊಬ್ಬನೇ ಹೋಗಿದ್ದೆ. ನನ್ನದೆಲ್ಲ ಸರಿ ಇದೆ ಎಂದು ನಿನಗೂ ಅವ್ವನಿಗೂ ಹೇಳಿದೆ. ಸುಳ್ಳು, ಸುಜಾತಾ. ಸರಿ ಇದ್ದದ್ದು ನಿನ್ನದು. ನನ್ನ ರಿಪೋರ್ಟು ಎರಡು ವರ್ಷ ಟ್ರಂಕಿನ ತಳದಲ್ಲಿತ್ತು. ಈಗ ಈ ಕಾಗದದ ಜೊತೆಗಿದೆ. ಮೊದಲು ನೀನು ಓದು. ಆಮೇಲೆ ನಾನು ಬಂದಾಗ ನನ್ನ ಕೈಗೆ ಕೊಡು, ಎಲ್ಲರೆದುರು ನಾನೇ ಓದುತ್ತೇನೆ.