ಶಿವಕಾಂತಾ ಹಗೇವಿಗೆ ಇಳಿಯುವ ಮುನ್ನ

ಜಿಲ್ಲೆಯ ಪ್ರವಾಸ ಯೋಜನೆಗಳ ಹೊಣೆ ಹೊತ್ತ ಮಾನ್ಯರೇ,

ಗೊಬ್ಬೂರಿನಾಚೆಯ ಬಿಯರ್ ಮನೆಯ ನೆಲದಡಿಯ ಹಗೇವಿನಲ್ಲಿ ಅಲ್ಲಿನ ಕೆಲಸಗಾರ ಗುರುಲಿಂಗ ಸತ್ತದ್ದು ಕುಡಿದ ಅಮಲಿನಲ್ಲಿ ಕಾಲು ಜಾರಿ ಎಂದು ನಿಮ್ಮ ಕಚೇರಿ ಷರಾ ಬರೆದಿದೆ. ಅದು ಸುಳ್ಳು. ಸತ್ತವನ ಬಗ್ಗೆ ಹೇಳಿದ ಸುಳ್ಳು ಸತ್ತವನಿಗೇನು ಮಾಡೀತು ಎಂದು ನೀವು ನೆಮ್ಮದಿಯಾಗಿರಬಹುದು. ಆದರೆ ಅದನ್ನು ಒಂದಕ್ಷರ ಬಿಡದೆ ನಂಬಿಕೊಂಡು ಅವನ ಹೆಂಡತಿ ಶಿವಕಾಂತಾ ಬರುವ ಶನಿವಾರ ಅದೇ ಹಗೇವಿಗೆ ಇಳಿಯಲಿದ್ದಾಳೆ. ನಿಮ್ಮ ಕೋಣೆಯಲ್ಲಿ ನಿಂತು ಹೇಳಿದ್ದು ನಿಮಗೆ ಕೇಳಿಸಲಿಲ್ಲ. ಆದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ನೆನಪಿರಲಾರದು. ಚೌಡಾಪುರದ ಜೀಪು ಚಾಲಕ. ಅದಕ್ಕೂ ಮೊದಲು ಬಹುಕಾಲ ಪತ್ರಿಕೆಗಳ ಏಜೆಂಟನಾಗಿದ್ದೆ. ಮನೆಮನೆಗೆ ಹಾಕುವ ಮೊದಲು ಪೂರ್ತಿ ಓದುತ್ತಿದ್ದೆ, ಹಾಗಾಗಿ ನಿಮ್ಮಂಥವರ ಭಾಷೆ ನನಗೂ ಸ್ವಲ್ಪ ಬರುತ್ತದೆ. ನಿಮ್ಮ ಕಚೇರಿ ‘ಜೋಳದ ಜಾಡು’ ಎಂಬ ಪ್ರವಾಸ ಶುರುಮಾಡಿದಾಗ ಮೊದಲು ಗಾಡಿ ಕಟ್ಟಿದವನು ನಾನೇ. ಕಲಬುರಗಿಯಿಂದ, ಸೊಲ್ಲಾಪುರದಿಂದ, ಹೈದರಾಬಾದಿನಿಂದ ರಜೆಯ ದಿನ ಬರುವ ಜನರನ್ನು ಕೂರಿಸಿಕೊಂಡು ಬೆಳಿಗ್ಗೆ ನರೋಣಾ ದಾರಿಯ ಬಿಯರ್ ಮನೆ, ಮಧ್ಯಾಹ್ನ ಜೇವರ್ಗಿ ಕಡೆ ಭೀಮಾ ಹೊಳೆ ಕಾಣುವ ಇನ್ನೊಂದು, ಕೊನೆಗೆ ಗೊಬ್ಬೂರಿನದು. ಮೂರೂ ಕಡೆ ನಮ್ಮ ಬಿಳಿಜೋಳದಿಂದಲೇ ಮಾಡಿದ ಬಿಯರು. ಒಂದು ಹನಿ ಮುಟ್ಟದ ನಾನು ವಾಸನೆಯ ಮೇಲೆಯೇ ಇವತ್ತಿನ ಪೀಪಾಯಿ ಚೆನ್ನಾಗಿದೆಯೋ ಕೆಟ್ಟು ಹುಳಿಯಾಗಿದೆಯೋ ಹೇಳಬಲ್ಲವನಾದೆ. ಸಂಜೆ ಮನೆಗೆ ಹೋದರೆ ನನ್ನ ಹೆಂಡತಿ ಚಮನಬಿ ಹೊಸ್ತಿಲಲ್ಲೇ ತಡೆಯುತ್ತಿದ್ದಳು: “ಮೊದ್ಲ ಆ ಅಂಗಿ ಹೊರಗ ಬಿಚ್ಚರಿ, ಆಮ್ಯಾಲ ಒಳಗ ಬರ್ರಿ. ಕುಡ್ಯಾಂವಗಿಂತ ಕುಡಸ್ಯಾಡಾಂವನ ಅಂಗಿನೇ ಹೆಚ್ಚ ನಾರ್ತದ.” ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನಿಮ್ಮ ಬಿಯರಿನ ಮೇಲೆ ನನಗೆ ಸಿಟ್ಟಿಲ್ಲ. ಧರ್ಮ ಹೇಳಲು ಬಂದವನೆಂದು ತಿಳಿದು ಈ ಪತ್ರ ಬದಿಗಿಡಬೇಡಿ.

ಜನ ಮುಗಿಬೀಳುತ್ತಿದ್ದದ್ದು ಗೊಬ್ಬೂರಿನ ಮನೆಗೆ, ಅದೂ ಹಗೇವಿಗಾಗಿ. ಹಗೇವು ಎಂದರೆ ಹಿರಿಯರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಕಾಳು ಚೀಲಕ್ಕೆ, ಚೀಲ ಗೋದಾಮಿಗೆ ಹೋದ ಮೇಲೆ ಊರೂರಲ್ಲಿ ಹಗೇವುಗಳನ್ನು ಮುಚ್ಚಿದರು. ಈಗ ಬಿಯರ್ ಮನೆಯಾಗಿರುವ ಹಳೆಯ ವಾಡೆಯ ಅಂಗಳದಲ್ಲಿ ಒಂದು ಉಳಿದಿತ್ತು. ಒಳಗೆ ತಂಪು ಎಂದು ಬಿಯರ್ ಮನೆಯವರು ಅದರಲ್ಲಿ ಹುಳಿಯೇಳುವ ಪೀಪಾಯಿಗಳನ್ನಿಟ್ಟರು. ಗುರುಲಿಂಗ ಏಣಿಯಿಂದ ಇಳಿದು ಹೂಜಿ ತುಂಬಿಕೊಂಡು ಮೇಲೆ ಬಂದರೆ ಸುತ್ತ ನಿಂತ ಅತಿಥಿಗಳು ಚಪ್ಪಾಳೆ ಹೊಡೆಯುತ್ತಿದ್ದರು. ನಿಮ್ಮ ಕರಪತ್ರದಲ್ಲಿ ಅದಕ್ಕೆ ‘ಭೂಗರ್ಭ ಅನುಭವ’ ಎಂದು ಹೆಸರು. ಅನುಭವ ನೋಡುವವರದು, ಭೂಗರ್ಭ ಗುರುಲಿಂಗನದು.

ಇಳಿಯುವ ಮೊದಲು ಗುರುಲಿಂಗ ತಪ್ಪದೆ ದೀಪ ತೋರಿಸುತ್ತಿದ್ದ. ನಮ್ಮ ಕಡೆ ಹಗೇವಿಗಾಗಲಿ ಹಾಳುಬಾವಿಗಾಗಲಿ ದೀಪ ತೋರಿಸದೆ ಯಾರೂ ಇಳಿಯುವುದಿಲ್ಲ. ಯಾಕೆ ಎಂದು ಕೇಳಿದರೆ ನನ್ನ ವಯಸ್ಸಿನವರು ಭೂಮಿತಾಯಿಗೆ ಅಪ್ಪಣೆ ಕೇಳುವುದು ಎನ್ನುತ್ತೇವೆ, ಅಷ್ಟೇ ಗೊತ್ತು. ಗುರುಲಿಂಗ ಕಂದೀಲಿಗೆ ಹಗ್ಗ ಕಟ್ಟಿ ತಳದವರೆಗೆ ಬಿಟ್ಟು, “ಬೆಳಕ ಅದ ತಾಯಿ, ಇಳೀತೇನಿ” ಎಂದು ಕೈಮುಗಿದು ಇಳಿಯುತ್ತಿದ್ದ. ಅತಿಥಿಗಳು ಅದನ್ನೂ ಮೊಬೈಲಿನಲ್ಲಿ ಹಿಡಿದರು. ಆಗ ನಿಮ್ಮ ಕಚೇರಿಯಿಂದ ಒಂದು ಸೂಚನೆ ಬಂತು: ಪ್ರವಾಸಿ ತಾಣಗಳಲ್ಲಿ ಸುರಕ್ಷತೆಯ ದೃಷ್ಟಿಯಿಂದ ಬೆಂಕಿಯ ದೀಪ ಬಳಸಕೂಡದು. ಎಂಥ ಕಾಳಜಿ. ಬಿಯರ್ ಮನೆಯ ಮ್ಯಾನೇಜರ್ ಕಂದೀಲನ್ನು ಗೋಡೆಗೆ ಅಲಂಕಾರಕ್ಕೆ ತೂಗುಹಾಕಿ, ಥೇಟ್ ಕಂದೀಲಿನಂತೆಯೇ ಕಾಣುವ ಬ್ಯಾಟರಿ ದೀಪ ತಂದುಕೊಟ್ಟರು. ಗುರುಲಿಂಗನೂ ಬೇಡ ಎನ್ನಲಿಲ್ಲ, ನೋಡುತ್ತ ನಿಂತ ನಾನೂ ಎನ್ನಲಿಲ್ಲ. ತಾಯಿಗೆ ಬೇಕಾದದ್ದು ಬೆಳಕು, ಅದು ಎಣ್ಣೆಯದಾದರೇನು, ಬ್ಯಾಟರಿಯದಾದರೇನು ಎಂದುಕೊಂಡೆವು. ಅದು ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು ಕೂಡ.

ಚುನಾವಣೆಯ ನಿಮಿತ್ತ ಮದ್ಯ ಮಾರಾಟ ಬಂದ್ ಆಗಿದ್ದಾಗ ಬಿಯರ್ ಮನೆಗೂ ಬೀಗ ಬಿತ್ತು, ಹಗೇವಿನ ಬಾಯಿಗೂ ಕಲ್ಲು ಬಿತ್ತು. ಒಳಗಿನ ಪೀಪಾಯಿಗಳಿಗೆ ನೀತಿಸಂಹಿತೆ ತಿಳಿಯದು, ಅವು ಹುಳಿಯೇಳುತ್ತಲೇ ಇದ್ದವು. ಮತ್ತೆ ತೆರೆದ ದಿನ ಜೀಪು ತುಂಬ ಅತಿಥಿಗಳನ್ನು ತಂದವನು ನಾನು. ಗುರುಲಿಂಗ ಕಲ್ಲು ಸರಿಸಿದ, ದೀಪ ಬಿಟ್ಟ. ತಳದಲ್ಲಿ ಅದು ಲಕಲಕ ಹೊಳೆಯಿತು. “ಬೆಳಕ ಅದ ತಾಯಿ” ಎಂದು ಕೈಮುಗಿದು ಇಳಿದ. ಹೂಜಿ ತುಂಬುವ ಸದ್ದು ಬಂತು, ಆಮೇಲೆ ಅದು ಬಿದ್ದು ಒಡೆದ ಸದ್ದು. ಮೇಲೆ ನಿಂತವರು ಇದೂ ಆಟದ ಒಂದು ಭಾಗವೆಂದು ತಿಳಿದು ಚಪ್ಪಾಳೆ ಹೊಡೆದರು. ನಾನು ಅವನ ಹೆಸರು ಹಿಡಿದು ಕೂಗುತ್ತಿದ್ದೆ, ಅವರು ನಗುತ್ತಿದ್ದರು. ಕೊಕ್ಕೆ ಹಾಕಿ ಮೇಲೆಳೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನ ಮೈಮೇಲೆ ಚೆಲ್ಲಿದ ಬಿಯರಿನ ವಾಸನೆ ನನ್ನ ಕೈಗೂ ಹತ್ತಿತು. ಸ್ವಾಮಿ, ಆ ವಾಸನೆಯನ್ನೇ ನೀವು ಸಾಕ್ಷಿ ಮಾಡಿಕೊಂಡಿರಿ.

ಮಣ್ಣು ಕೊಟ್ಟು ಬಂದ ಮೇಲೆ ಗುರುಲಿಂಗನ ಮುದಿ ಸೋದರತ್ತೆ ಸಾಬವ್ವ ನನ್ನನ್ನು ಕರೆದು ಒಂದೇ ಮಾತು ಕೇಳಿದಳು: “ದೀಪ ಆರಿತ್ತೇನು?” ಬ್ಯಾಟರಿ ದೀಪ ಹೇಗೆ ಆರೀತವ್ವ ಎಂದೆ. ಆಕೆ ತಲೆ ತಲೆ ಬಡಿದುಕೊಂಡಳು. “ಮುಚ್ಚಿದ ಹಗೇದಾಗ ಕೆಟ್ಟ ಗಾಳಿ ಕುಂತಿರ್ತದೋ. ಉಸರು ಕಟ್ಟಸ್ತದ. ಆ ಗಾಳಿ ಇದ್ರ ದೀಪ ಆರ್ತದ, ದೀಪ ಆರಿದ್ರ ಮನಶ್ಯಾ ಇಳೀಬಾರ್ದು. ಅದಕ್ಕ ದೀಪ ಬಿಡ್ತಿದ್ವಿ. ತಾಯಿಗಿ ಬೆಳಕ ಯಾಕ ಬೇಕು, ಕತ್ತಲ್ಯಾಗೇ ಇರಾಕಿ ಆಕಿ.” ಅಜ್ಜ ಮುತ್ತಜ್ಜರು ಕಾರಣ ತಿಳಿದು ಮಾಡಿದ್ದನ್ನು ನಾವು ಕಾರಣ ಮರೆತು ಪೂಜೆ ಮಾಡಿಟ್ಟುಕೊಂಡಿದ್ದೆವು. ಇದು ನಮ್ಮ ತಪ್ಪು, ಒಪ್ಪುತ್ತೇನೆ. ಹುಳಿಯೇಳುವ ಪೀಪಾಯಿಯೂ ಅಂಥದೇ ಗಾಳಿ ಬಿಡುತ್ತದೆ ಎಂಬುದು ಬಿಯರ್ ಮಾಡುವವರಿಗೆ ಗೊತ್ತಿರಲಿಲ್ಲವೇ? ಪರವಾನಗಿ ಕೊಡುವಾಗ ನಿಮ್ಮವರು ಒಮ್ಮೆಯಾದರೂ ಕೆಳಗೆ ಇಣುಕಿದರೇ? ಅಥವಾ ಮೇಲೆ ಬಂದ ಹೂಜಿಯಲ್ಲಿ ಮಾತ್ರ ಇಣುಕಿ ಹೋದರೇ?

ಇದನ್ನೆಲ್ಲ ಹೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಕುಳಿತುಕೊಳ್ಳಿ ಎಂದಿರಿ, ಚಹಾ ತರಿಸಿದಿರಿ, ಅದಕ್ಕೆ ಕೃತಜ್ಞ. ಆಮೇಲೆ ನಕ್ಕು, “ಬ್ರೂವರಿಯಲ್ಲಿ ಕೆಲಸ ಮಾಡೋನು ಕುಡಿಯದೇ ಇರ್ತಾನೇನ್ರಿ?” ಎಂದಿರಿ. ಖಜಾನೆಯಲ್ಲಿ ಕೆಲಸ ಮಾಡುವವರ ಬಗ್ಗೆಯೂ ನಿಮಗೆ ಇದೇ ನಂಬಿಕೆಯೇ? ಗುರುಲಿಂಗ ಹಬ್ಬ ಹುಣ್ಣಿಮೆಗೆ ಕುಡಿಯುತ್ತಿದ್ದ, ಮುಚ್ಚಿಡುವುದಿಲ್ಲ. ಆದರೆ ಹಗೇವಿಗೆ ಇಳಿಯುವ ದಿನ ಮುಟ್ಟುತ್ತಿರಲಿಲ್ಲ. ಅವನ ಪಾಲಿಗೆ ಅದು ಸ್ನಾನ ಮಾಡಿ, ವಿಭೂತಿ ಹಚ್ಚಿ ಮಾಡುವ ಕೆಲಸವಾಗಿತ್ತು. ನನ್ನ ಜೀಪಿನಲ್ಲಿ ಬಂದಿಳಿದು ಲೋಟದ ಮೇಲೆ ಲೋಟ ಇಳಿಸಿದವರೆಲ್ಲ ಸುಖವಾಗಿ ಮನೆ ಸೇರಿದರು. ಅಂದು ಆ ಅಂಗಳದಲ್ಲಿ ಕುಡಿಯದೆ ಇದ್ದವರು ನಾವಿಬ್ಬರೇ, ಅವರಲ್ಲಿ ಒಬ್ಬನನ್ನು ನೀವು ಕುಡುಕನೆಂದು ಬರೆದಿರಿ.

ಈಗ ನಿಮ್ಮ ಹೊಸ ಭಿತ್ತಿಪತ್ರ ಬಂದಿದೆ. ಶಿವಕಾಂತಾಳಿಗೆ ಇಳಕಲ್ ಸೀರೆ ಉಡಿಸಿ, ಕೈಗೆ ಹೂಜಿ ಕೊಟ್ಟು, ‘ಪತಿಯ ಪರಂಪರೆ ಮುಂದುವರಿಸುವ ದಿಟ್ಟ ಮಹಿಳೆ’ ಎಂದು ಅಚ್ಚು ಹಾಕಿಸಿದ್ದೀರಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಗಾದೆಯಿದೆ. ನೀವು ಆ ಬಾಗಿಲನ್ನೂ ಹಾಕದೆ, ಮೆರವಣಿಗೆ ಮಾಡಿ ಇನ್ನೊಬ್ಬರನ್ನು ಒಳಗೆ ಕಳಿಸುತ್ತಿದ್ದೀರಿ. ಗುರುಲಿಂಗ ಸತ್ತ ದಿನ ಮುಚ್ಚಿದ ಹಗೇವಿನ ಕಲ್ಲನ್ನು ಇದುವರೆಗೆ ಯಾರೂ ತೆಗೆದಿಲ್ಲ. ಪೀಪಾಯಿಗಳು ಒಳಗೇ ಇವೆ. ಶನಿವಾರ ಆ ಕಲ್ಲು ತೆಗೆದು ಮೊದಲು ಇಳಿಯುವವಳು ಆಕೆ.

ನಿನ್ನೆ ಆಕೆಯ ಮನೆಗೆ ಹೋಗಿ ಕೈಮುಗಿದು ಹೇಳಿದೆ, ಬೇಡ ತಂಗಿ, ಅಲ್ಲಿರುವುದು ವಿಷಗಾಳಿ ಎಂದು. ಆಕೆ ಅಕ್ಕಿ ಆರಿಸುತ್ತ, ಮೊರದಿಂದ ಕಣ್ಣೆತ್ತದೆ ಹೇಳಿದಳು: “ದೀಪ ನಾನೂ ತೋರಸ್ತೇನ್ರಿ ಅಣ್ಣಾ. ಚಲೋ ಬ್ಯಾಟರಿ ಕೊಟ್ಟಾರ.” ಸಾಬವ್ವ ಹೇಳಿದ್ದನ್ನೆಲ್ಲ ಮತ್ತೆ ಬಿಡಿಸಿ ಹೇಳಿದೆ. ಆಗ ತಲೆಯೆತ್ತಿದಳು. “ಅತ್ತಿ ಮಾತ ಖರೆ ಇದ್ರ ಸಾಹೇಬ್ರ ಸುಳ್ಳ ಬರೀತಿದ್ರೇನ್ರಿ? ಅವ್ರು ಕುಡದು ಇಳದಾರ, ಬಿದ್ದಾರ. ಇದ್ದಾಗೂ ನನ್ನ ಮಾತ ಕೇಳ್ಲಿಲ್ಲ. ನಾ ಏನ್ ಕುಡ್ಯಂಗಿಲ್ಲಲ್ರಿ, ನನಗೇನಾಗ್ತದ?”

ಮಾನ್ಯರೇ, ಇದಕ್ಕೆ ಉತ್ತರ ನಿಮ್ಮಲ್ಲಿದೆ. ಹತ್ತಾರು ವರ್ಷ ಬಾಳಿದ ಗಂಡನಿಗಿಂತ ನಿಮ್ಮ ಮೊಹರನ್ನು ನಂಬಿ, ಸತ್ತವನ ಮೇಲೆ ಮುನಿಸಿಕೊಂಡು ಆಕೆ ಇಳಿಯಲು ಹೊರಟಿದ್ದಾಳೆ. ನನಗೆ ಹೆದರಿಕೆಯಾಗಿದೆ. ನಾನು ಕೇಳುವುದು ದೊಡ್ಡದೇನಲ್ಲ. ಶನಿವಾರಕ್ಕೆ ಮೊದಲು ನೀವೇ ಆಕೆಯ ಮನೆಯ ಬಾಗಿಲಿಗೆ ಬಂದು, ನಿನ್ನ ಗಂಡ ಕುಡಿದಿರಲಿಲ್ಲ, ನಾವು ಬರೆದದ್ದು ತಪ್ಪು ಎಂದು ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಆಕೆ ನಂಬುವುದಿಲ್ಲ. ಆಮೇಲೆ ಪೀಪಾಯಿಗಳನ್ನು ತೆಗೆಸಿ, ಹಗೇವನ್ನು ಮಣ್ಣಿನಿಂದ ತುಂಬಿಸಿ. ಬಿಯರನ್ನು ನೆಲದ ಮೇಲೆ ಮಾಡಿದರೂ ಜನ ಕುಡಿಯುತ್ತಾರೆ.

ನೀವು ಬರದಿದ್ದರೆ ಶನಿವಾರ ನಾನು ಅತಿಥಿಗಳನ್ನು ಕರೆತರುವುದಿಲ್ಲ. ಬೆಳಗಾಗುವುದರೊಳಗೆ ಖಾಲಿ ಜೀಪು ತಂದು ಹಗೇವಿನ ಕಲ್ಲಿನ ಮೇಲೆ ನಿಲ್ಲಿಸಿ, ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಜೀಪಿನೊಳಗೆ ಕೂರುತ್ತೇನೆ. ಸರ್ಕಾರಿ ಯೋಜನೆಗೆ ಅಡ್ಡಿಪಡಿಸಿದನೆಂದು ನೀವು ಪೊಲೀಸರನ್ನು ಕಳಿಸಬಹುದು. ಅವನೂ ಕುಡಿದಿದ್ದ ಎಂದು ಬರೆಯಬಹುದು. ಬರೆಯಿರಿ, ಆಕೆ ಬದುಕಿದ್ದು ಓದಲಿ.

ಇಂತಿ,
ಹನಿ ಮುಟ್ಟದೆಯೂ ನಿಮ್ಮ ದಫ್ತರದಲ್ಲಿ ಮುಂದಿನ ಕುಡುಕನಾಗಲು ಸಿದ್ಧನಿರುವ
ಲಾಡ್ಲೆಸಾಬ,
ಜೀಪು ಚಾಲಕ, ಚೌಡಾಪುರ